ಮೆಕ್ಸಿಕೊಗೆ ಹೋದ ತಂತಿ, ಯುದ್ಧಕ್ಕಿಳಿದ ಅಮೆರಿಕ

67893 ಎಂದರೆ ಮೆಕ್ಸಿಕೊ. 36477 ಎಂದರೆ ಟೆಕ್ಸಾಸ್. ಅರಿಝೋನಾಕ್ಕೆ ಜರ್ಮನ್ನರ ಸಂಕೇತ ಪುಸ್ತಕದಲ್ಲಿ ಪ್ರತ್ಯೇಕ ಸಂಖ್ಯೆ ಇರಲಿಲ್ಲ. ಹೆಸರನ್ನೇ ನಾಲ್ಕು ತುಂಡು ಮಾಡಿ 5454, 16102, 15217, 22801 ಎಂದು ಬರೆದರು.

1917ರ ಜನವರಿ 16ರಂದು ಜರ್ಮನಿಯ ವಿದೇಶಾಂಗ ಸಚಿವ ಆರ್ಥರ್ ಝಿಮ್ಮರ್‌ಮನ್ ವಾಷಿಂಗ್ಟನ್ ಮೂಲಕ ಮೆಕ್ಸಿಕೊಗೆ ಕಳಿಸಿದ ತಂತಿಯ ಸಾರ ಇಷ್ಟು: ಅಮೆರಿಕ ನಮ್ಮ ಮೇಲೆ ಯುದ್ಧಕ್ಕೆ ಬಂದರೆ ಮೆಕ್ಸಿಕೊ ನಮ್ಮ ಜೊತೆ ಸೇರಲಿ, ಕಳೆದುಕೊಂಡ ಟೆಕ್ಸಾಸ್, ನ್ಯೂ ಮೆಕ್ಸಿಕೊ, ಅರಿಝೋನಾಗಳನ್ನು ಮರಳಿ ಪಡೆಯಲಿ.

ಮೊದಲ ಮಹಾಯುದ್ಧ ಶುರುವಾದ ಕೂಡಲೇ, 1914ರ ಆಗಸ್ಟ್‌ನಲ್ಲಿ, ಬ್ರಿಟಿಷರು ಜರ್ಮನಿಯ ಸಮುದ್ರದಡಿಯ ಕೇಬಲ್‌ಗಳನ್ನು ಕತ್ತರಿಸಿದ್ದರು. ಶಾಂತಿ ಮಾತುಕತೆಗೆ ಅನುಕೂಲವಾಗಲೆಂದು ಅಧ್ಯಕ್ಷ ವಿಲ್ಸನ್ ಜರ್ಮನ್ನರಿಗೆ ಅಮೆರಿಕದ ರಾಜತಾಂತ್ರಿಕ ತಂತಿ ಮಾರ್ಗವನ್ನೇ ಬಳಸಲು ಬಿಟ್ಟಿದ್ದರು. ಆ ನಂಬಿಕೆಗೆ ಬಗೆದ ದ್ರೋಹ ನನಗೆ ಇಂದಿಗೂ ಕಟುವಾಗಿ ಕಾಣುತ್ತದೆ. ಆ ಮಾರ್ಗ ಬ್ರಿಟನ್ ಮೂಲಕವೇ ಹಾದುಹೋಗುತ್ತಿತ್ತು. ಬ್ರಿಟಿಷ್ ನೌಕಾಪಡೆಯ ಗೂಢಲಿಪಿ ವಿಭಾಗ ‘ರೂಮ್ 40’ ಅಲ್ಲಿ ಕಿವಿಗೊಟ್ಟು ಕೂತಿತ್ತು.

ವಾಷಿಂಗ್ಟನ್‌ಗೆ ಬಂದ ತಂತಿ ಹೊಸ ಸಂಕೇತದಲ್ಲಿತ್ತು. ರೂಮ್ 40ರ ನೈಜೆಲ್ ಡಿ ಗ್ರೇ ಮತ್ತು ವಿಲಿಯಂ ಮಾಂಟ್‌ಗೊಮರಿ ಅದನ್ನು ಅರ್ಧಂಬರ್ಧ ಮಾತ್ರ ಓದಬಲ್ಲವರಾಗಿದ್ದರು. ಮೆಕ್ಸಿಕೊದ ಜರ್ಮನ್ ಕಚೇರಿಯ ಬಳಿ ಆ ಹೊಸ ಪುಸ್ತಕ ಇರಲಿಲ್ಲ. ಹಾಗಾಗಿ ವಾಷಿಂಗ್ಟನ್‌ನಲ್ಲಿದ್ದ ಜರ್ಮನ್ ರಾಯಭಾರಿ ಅದೇ ಸಂದೇಶವನ್ನು 13040 ಎಂಬ ಹಳೆಯ ಸಂಕೇತಕ್ಕೆ ಬದಲಿಸಿ ಮುಂದೆ ಕಳಿಸಿದರು. ಹಳೆಯ ಸಂಕೇತವನ್ನು ಬ್ರಿಟಿಷರು ಬಹುಪಾಲು ಭೇದಿಸಿಯಾಗಿತ್ತು. ಅದರ ಪದಗಳ ಜೋಡಣೆಯಲ್ಲಿ ಅಕ್ಷರಮಾಲೆಯ ಕ್ರಮ ಅಲ್ಲಲ್ಲಿ ಉಳಿದುಕೊಂಡಿತ್ತು. ಎರಡು ಪದ ಗೊತ್ತಾದರೆ ನಡುವಿನದನ್ನು ಊಹಿಸಬಹುದಿತ್ತು. ಮತ್ತೆ ಮತ್ತೆ ಬರುವ ಸಂಖ್ಯೆಗಳೂ ಗುಟ್ಟು ಬಿಟ್ಟುಕೊಡುತ್ತವೆ: ಟೆಕ್ಸಾಸ್‌ನ ನಂತರ 5870, ನ್ಯೂ ಮೆಕ್ಸಿಕೊದ ನಂತರವೂ 5870. ಅದು ಬರೀ ಅಲ್ಪವಿರಾಮ!

ಓದಿದ್ದನ್ನು ಅಮೆರಿಕಕ್ಕೆ ಹೇಳುವುದು ಓದುವುದಕ್ಕಿಂತ ಕಷ್ಟವಾಗಿತ್ತು. ಹೇಳಿದರೆ ಅಮೆರಿಕದ ತಂತಿಗೇ ಕಿವಿಗೊಟ್ಟದ್ದು ಬಯಲಾಗುತ್ತಿತ್ತು. ನೌಕಾ ಬೇಹುಗಾರಿಕೆಯ ಮುಖ್ಯಸ್ಥ ರೆಜಿನಾಲ್ಡ್ ಹಾಲ್ ಮೆಕ್ಸಿಕೊದ ತಂತಿ ಕಚೇರಿಯಿಂದಲೇ ಗುಟ್ಟಾಗಿ ಒಂದು ಪ್ರತಿ ತರಿಸಿದರು. ಸೋರಿಕೆ ಅಲ್ಲೇ ಆಯಿತೆಂದು ಜಗತ್ತು ನಂಬುವಂತಾಯಿತು.

ಮಾರ್ಚ್ 1ರಂದು ಸುದ್ದಿ ಪತ್ರಿಕೆಗಳಲ್ಲಿ ಬಂತು. ನಕಲಿ ಇರಬಹುದೆಂದು ಅನೇಕರು ಅನುಮಾನಿಸುತ್ತಿರುವಾಗಲೇ, ಮಾರ್ಚ್ 3ರಂದು ಝಿಮ್ಮರ್‌ಮನ್ ತಾವೇ ಕಳಿಸಿದ್ದೆಂದು ಒಪ್ಪಿಕೊಂಡರು. ತಂತಿಯೊಂದೇ ಯುದ್ಧ ತಂದಿತೆನ್ನಲಾಗದು. ಫೆಬ್ರವರಿ 1ರಿಂದ ಜರ್ಮನ್ ಜಲಾಂತರ್ಗಾಮಿಗಳು ತಟಸ್ಥ ದೇಶಗಳ ಹಡಗುಗಳನ್ನೂ ಬಿಡದೆ ಮುಳುಗಿಸತೊಡಗಿದ್ದವು. ಆದರೆ ಅಟ್ಲಾಂಟಿಕ್‌ನ ಗೊಡವೆ ಬೇಡವೆನ್ನುತ್ತಿದ್ದ ಟೆಕ್ಸಾಸಿನವರಿಗೂ ಯುದ್ಧ ತಮ್ಮದೇ ನೆಲದ ಪ್ರಶ್ನೆಯಾಯಿತು. ಏಪ್ರಿಲ್ 6ರಂದು ಪ್ರತಿನಿಧಿಗಳ ಸಭೆ 373–50 ಮತಗಳಿಂದ ಯುದ್ಧಕ್ಕೆ ಒಪ್ಪಿತು. ಬೇಡವೆಂದ ಐವತ್ತು ಮಂದಿಯಲ್ಲಿ ಆ ಸಭೆಯ ಮೊದಲ ಮಹಿಳೆ ಜೆನೆಟ್ ರ‍್ಯಾಂಕಿನ್ ಕೂಡ ಇದ್ದರು.