ಚಿನ್ನಕ್ಕೆ ಕಟ್ಟಿದ ಡಿಎನ್‌ಎ ದಾರ

ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಪಟ್ಟಿಗೆ ತಾಗಿಸಿದರೆ ಸಾಕು, ಸಕ್ಕರೆ ಎಷ್ಟಿದೆ ಅಂತ ಕೆಲವೇ ಸೆಕೆಂಡಿನಲ್ಲಿ ಗೊತ್ತಾಗುತ್ತದೆ. ಹಾಗಾದರೆ ಉಳಿದ ಪರೀಕ್ಷೆಗಳಿಗೆ ಯಾಕೆ ಲ್ಯಾಬ್ ವರದಿ ಬರುವವರೆಗೂ ಕಾಯಬೇಕು?

ಸಕ್ಕರೆಯ ವಿಷಯದಲ್ಲಿ ನಮ್ಮ ಅದೃಷ್ಟ ಚೆನ್ನಾಗಿತ್ತು, ಅಷ್ಟೇ. ಗ್ಲುಕೋಸ್ ಆಕ್ಸಿಡೇಸ್ ಅನ್ನುವ ಕಿಣ್ವ ಗ್ಲುಕೋಸಿನಿಂದ ಎಲೆಕ್ಟ್ರಾನ್ ಕಿತ್ತುಕೊಡುತ್ತದೆ. ಆ ಎಲೆಕ್ಟ್ರಾನುಗಳ ಲೆಕ್ಕವೇ ಸಕ್ಕರೆಯ ಲೆಕ್ಕ. ಕಿಣ್ವ ಬಳಸಿ ಹೀಗೆ ಅಳೆಯುವ ದಾರಿಯನ್ನು ಅಮೆರಿಕದ ವಿಜ್ಞಾನಿ ಲೆಲ್ಯಾಂಡ್ ಕ್ಲಾರ್ಕ್ 1962ರಲ್ಲೇ ತೋರಿಸಿದ್ದರು. ಆದರೆ ರಕ್ತದಲ್ಲಿರುವ ಹೆಚ್ಚಿನ ಅಣುಗಳಿಗೆ ಇಂಥ ಕಿಣ್ವ ಇಲ್ಲ. ಕಿಣ್ವ ಇದ್ದರೂ, ಎಷ್ಟೋ ಅಣುಗಳು ರಕ್ತದಲ್ಲಿ ಸಕ್ಕರೆಗಿಂತ ಸಾವಿರಾರು ಪಟ್ಟು ಕಡಿಮೆ ಇರುತ್ತವೆ.

ಇಲ್ಲಿ ಡಿಎನ್‌ಎ ಬರುತ್ತದೆ. ವಂಶದ ಮಾಹಿತಿ ಹೊರುವ ಅಣುವಾಗಿ ಅಲ್ಲ, ಸುಮ್ನೆ ಒಂದು ದಾರವಾಗಿ. ಒಂಟಿ ಎಳೆಯ ಡಿಎನ್‌ಎ ಮಡಚಿಕೊಂಡು ಬಗೆಬಗೆಯ ಆಕಾರ ತಾಳುತ್ತದೆ. ಕೋಟಿಗಟ್ಟಲೆ ಎಳೆಗಳನ್ನು ಜಾಲಾಡಿದರೆ, ನಮಗೆ ಬೇಕಾದ ಅಣುವನ್ನೇ ಹಿಡಿಯುವ ಒಂದು ಸಿಗುತ್ತದೆ. ಇಂಥ ಎಳೆಗಳಿಗೆ ಆಪ್ಟಮರ್ ಎಂದು ಹೆಸರು. ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ನನ್ನು ಹಿಡಿಯಲು ಬರೀ 15 ಅಕ್ಷರದ ಡಿಎನ್‌ಎ ಸಾಕು!

ಹಿಡಿದದ್ದು ನಮಗೆ ತಿಳಿಯುವುದು ಹೇಗೆ? ಎಳೆಯ ಒಂದು ತುದಿಗೆ ಗಂಧಕ ಸೇರಿಸುತ್ತಾರೆ. ಗಂಧಕಕ್ಕೂ ಚಿನ್ನಕ್ಕೂ ಒಳ್ಳೆಯ ನಂಟು, ಹಾಗಾಗಿ ಎಳೆ ಚಿನ್ನದ ಎಲೆಕ್ಟ್ರೋಡಿಗೆ ಕಚ್ಚಿಕೊಳ್ಳುತ್ತದೆ. ಇನ್ನೊಂದು ತುದಿಗೆ ಮೆಥಿಲೀನ್ ಬ್ಲೂ. ಸೂಕ್ಷ್ಮದರ್ಶಕದ ಕೆಳಗೆ ಜೀವಕೋಶಗಳಿಗೆ ಬಣ್ಣ ಹಚ್ಚಲು ಬಳಸುವ ಅದೇ ನೀಲಿ. ಇದು ಚಿನ್ನದೊಂದಿಗೆ ಎಲೆಕ್ಟ್ರಾನ್ ಕೊಟ್ಟು ತೆಗೆದುಕೊಳ್ಳಬಲ್ಲದು. ಬೇಕಾದ ಅಣು ಬಂದು ಕೂತಾಗ ಎಳೆ ಮಡಚುತ್ತದೆ, ನೀಲಿ ತುದಿ ಚಿನ್ನದ ಹತ್ತಿರ ಬರುತ್ತದೆ, ಕರೆಂಟ್ ಏರುತ್ತದೆ.

ಅಮೆರಿಕದ ವಿಜ್ಞಾನಿಗಳಾದ ಅಲನ್ ಹೀಗರ್, ಕೆವಿನ್ ಪ್ಲಾಕ್ಸ್‌ಕೋ ಮತ್ತು ಸಂಗಡಿಗರು 2003ರಲ್ಲಿ ಮಾಡಿದ ಸೆನ್ಸರ್ ಇದಕ್ಕೆ ಉಲ್ಟಾ ಇತ್ತು. ಹುಡುಕುತ್ತಿದ್ದ ಡಿಎನ್‌ಎ ಸಿಕ್ಕರೆ ಅದರಲ್ಲಿ ಕರೆಂಟ್ ಇಳಿಯುತ್ತಿತ್ತು. ಕೆಲಸವೇನೋ ಮಾಡುತ್ತಿತ್ತು. ಆದರೆ ಎಲೆಕ್ಟ್ರೋಡ್ ಕೆಟ್ಟರೂ ಕರೆಂಟ್ ಇಳಿಯುತ್ತದೆ, ಅಲ್ವಾ?

ನನಗೆ ಈ ಡಿಎನ್‌ಎ ಸೆನ್ಸರಿನಲ್ಲಿ ಜಾಸ್ತಿ ಇಷ್ಟವಾಗುವುದು ಬೇರೆಯೇ ಒಂದು ಗುಣ. ರಕ್ತ ಕೆಂಪಗೆ, ಮಂದವಾಗಿ ಇರುವುದರಿಂದ ಬೆಳಕಿನಲ್ಲಿ ನೋಡುವ ವಿಧಾನಗಳಿಗೆ ಅದನ್ನು ಶುದ್ಧ ಮಾಡಿಕೊಡಬೇಕಾಗುತ್ತದೆ. ಕರೆಂಟಿಗೆ ಬಣ್ಣದ ಹಂಗಿಲ್ಲ. ಸಿಕ್ಕಸಿಕ್ಕ ಪ್ರೋಟೀನ್ ಬಂದು ಅಂಟಿದ ಮಾತ್ರಕ್ಕೆ ಎಳೆ ಸರಿಯಾಗಿ ಮಡಚುವುದೂ ಇಲ್ಲ. ಹಿಡಿದ ಅಣು ಬಿಟ್ಟುಹೋದರೆ ಎಳೆ ಮತ್ತೆ ಬಿಚ್ಚಿಕೊಂಡು ಮುಂದಿನದಕ್ಕೆ ಸಿದ್ಧ. ಹಾಗಾಗಿ ಬಿಡದೆ ಅಳೆಯುತ್ತಲೇ ಇರಬಹುದು. ಓಡಾಡುತ್ತಿದ್ದ ಇಲಿಗಳ ರಕ್ತನಾಳದಲ್ಲಿ ಇಂಥ ಸೆನ್ಸರ್ ಇಟ್ಟು, ಔಷಧಿಯ ಏರಿಳಿತವನ್ನು ಗಂಟೆಗಟ್ಟಲೆ ನೋಡಿದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಅಳೆದ ಔಷಧಿಗಳಲ್ಲಿ ಕನಾಮೈಸಿನ್ ಕೂಡ ಇತ್ತು. ಇದು ಸ್ವಲ್ಪ ಹೆಚ್ಚಾದರೆ ಮೂತ್ರಪಿಂಡಕ್ಕೆ ಪೆಟ್ಟು ಕೊಡುವ ಆಂಟಿಬಯೋಟಿಕ್.

ತೊಡಕಿರುವುದು ಚಿನ್ನದ ಮೇಲ್ಮೈಯಲ್ಲಿ. ಬಿಸಿ ರಕ್ತದಲ್ಲಿ ಎಳೆಗಳು ಒಂದೊಂದಾಗಿ ಕಳಚುತ್ತವೆ, ಮೇಲೆ ಪ್ರೋಟೀನ್ ಮೆತ್ತಿಕೊಳ್ಳುತ್ತದೆ, ಕರೆಂಟ್ ತಾನಾಗಿ ಕುಸಿಯುತ್ತದೆ. ಇದಕ್ಕೊಂದು ಉಪಾಯವಿದೆ. ಎಲೆಕ್ಟ್ರೋಡಿಗೆ ಕೊಡುವ ವೋಲ್ಟೇಜನ್ನು ಎರಡು ಬೇರೆ ಆವರ್ತನಗಳಲ್ಲಿ, ಅಂದರೆ ಎರಡು ಬೇರೆ ವೇಗದಲ್ಲಿ ಏರಿಳಿಸಿ ಅಳೆಯುತ್ತಾರೆ. ಅಣು ಸಿಕ್ಕಾಗ ಒಂದರಲ್ಲಿ ಕರೆಂಟ್ ಏರುತ್ತದೆ, ಇನ್ನೊಂದರಲ್ಲಿ ಇಳಿಯುತ್ತದೆ. ಕುಸಿತ ಮಾತ್ರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಥರ. ಒಂದರಿಂದ ಇನ್ನೊಂದನ್ನು ಕಳೆದರೆ ಕುಸಿತ ಬಹುಪಾಲು ವಜಾ ಆಗುತ್ತದೆ. ಆದರೆ ಎಳೆಗಳೇ ಮುಗಿಯುತ್ತಾ ಬಂದಾಗ ಯಾವ ಲೆಕ್ಕಾಚಾರವೂ ನಡೆಯುವುದಿಲ್ಲ. ಹಾಗಾಗಿ ಸಂಶೋಧಕರು ಡಿಎನ್‌ಎ ಬಗ್ಗೆ ಮಾತ್ರ ಅಲ್ಲ, ಅದನ್ನು ಚಿನ್ನಕ್ಕೆ ಕಟ್ಟಿದ ಆ ಗಂಧಕದ ಗಂಟಿನ ಬಗ್ಗೆಯೂ ತಲೆಕೆಡಿಸಿಕೊಂಡಿದ್ದಾರೆ.