ಅಗಲವಾದ ಟೈರ್, ಮೆದುವಾದ ರಬ್ಬರ್ ಮತ್ತು ಕಾನೂನು ಒಪ್ಪುವ ಅಳತೆ

ಹೊಸ ಕಾರು ಕೊಂಡವರಲ್ಲಿ ಅನೇಕರು ಮೊದಲು ಬದಲಾಯಿಸಬಯಸುವುದು ಟೈರ್‌ಗಳನ್ನು. ಕಂಪನಿ ಕೊಟ್ಟ ಟೈರ್ ಸಪೂರವಾಗಿ ಕಾಣುತ್ತದೆ, ಅದಕ್ಕಿಂತ ಅಗಲದ್ದನ್ನು ಹಾಕಿಸಿದರೆ ಘಾಟಿಯ ತಿರುವುಗಳಲ್ಲಿ ಕಾರು ಜಾರದೆ ನೆಲವನ್ನು ಗಟ್ಟಿಯಾಗಿ ಹಿಡಿಯುತ್ತದೆ ಎಂಬುದು ಅವರ ನಂಬಿಕೆ. ಇದರಲ್ಲಿ ಅರ್ಧ ಮಾತ್ರ ನಿಜ. ಹಿಡಿತ ಮುಖ್ಯವಾಗಿ ಬರುವುದು ರಬ್ಬರಿನ ಗುಣದಿಂದ. ಅಗಲದ ಪಾಲು ಅದರ ನಂತರದ್ದು, ಮಳೆಯಲ್ಲಂತೂ ಅದು ತಿರುಗಿ ಕಾಡಬಹುದು.

ಜನರನ್ನು ಹೊತ್ತ ಸಣ್ಣ ಕಾರೊಂದರ ತೂಕ 1,200 ಕಿಲೋ ಎಂದುಕೊಂಡರೆ ಪ್ರತಿ ಚಕ್ರದ ಮೇಲೆ ಸುಮಾರು 300 ಕಿಲೋ ಭಾರ ಬೀಳುತ್ತದೆ. ಟೈರ್‌ನೊಳಗಿನ ಗಾಳಿಯ ಒತ್ತಡ 33 ಪಿಎಸ್‌ಐ, ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 2.3 ಕಿಲೋ. ಈ ಗಾಳಿಯೇ ಬಹುಮಟ್ಟಿಗೆ ಭಾರವನ್ನು ಹೊರುವುದರಿಂದ, ನೆಲಕ್ಕೆ ತಾಗುವ ಜಾಗ ಸುಮಾರು 130 ಚದರ ಸೆಂಟಿಮೀಟರ್, ಒಂದು ಅಂಗೈಯಷ್ಟು. ಒತ್ತಡವನ್ನು ಬದಲಿಸದೆ ಟೈರನ್ನು ಅಗಲ ಮಾಡಿದರೆ ಈ ಜಾಗ ಹೆಚ್ಚೇನೂ ಹಿಗ್ಗುವುದಿಲ್ಲ. ಅದರ ಆಕಾರ ಬದಲಾಗಿ, ಅಡ್ಡಕ್ಕೆ ಉದ್ದವಾಗಿ, ಹಿಂದುಮುಂದಕ್ಕೆ ಗಿಡ್ಡವಾಗುತ್ತದೆ. ಒಣ ರಸ್ತೆಯ ತಿರುವಿನಲ್ಲಿ ಈ ಆಕಾರದಿಂದ ಲಾಭವಿದೆ, ಬಿಸಿಯೂ ಹೆಚ್ಚು ರಬ್ಬರಿಗೆ ಹಂಚಿಹೋಗುತ್ತದೆ. ರೇಸ್ ಕಾರುಗಳ ಟೈರ್ ಅಗಲವಾಗಿರುವುದಕ್ಕೆ ಇದೂ ಒಂದು ಕಾರಣ. ಆದರೆ ಆ ಅಗಲ ಸಾರ್ಥಕವಾಗುವುದು ಅದರ ಜೊತೆಗೆ ಬಹಳ ಮೆದುವಾದ ರಬ್ಬರ್ ಇದ್ದಾಗ.

ರಬ್ಬರ್ ರಸ್ತೆಯನ್ನು ಹಿಡಿಯುವ ಬಗೆ ವಿಶಿಷ್ಟವಾದುದು. ಡಾಂಬರಿನ ಮೇಲ್ಮೈಯಲ್ಲಿ ಕಣ್ಣಿಗೆ ಕಾಣುವ ಜಲ್ಲಿಯ ಉಬ್ಬುಗಳಿಂದ ಹಿಡಿದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ಸೂಕ್ಷ್ಮವಾದ ಒರಟುಗಳವರೆಗೆ ಎಲ್ಲ ಗಾತ್ರದ ಏರುಪೇರುಗಳಿವೆ. ಬ್ರೇಕ್ ಒತ್ತಿದಾಗ ರಬ್ಬರ್ ಇವುಗಳ ಮೇಲೆ ತುಸು ಜಾರುತ್ತಾ ಪ್ರತಿ ಉಬ್ಬಿನ ಸುತ್ತ ತಗ್ಗಿ ಏಳುತ್ತದೆ. ತಗ್ಗುವಾಗ ಪಡೆದ ಶಕ್ತಿಯನ್ನೆಲ್ಲ ಏಳುವಾಗ ಅದು ಹಿಂದಿರುಗಿಸುವುದಿಲ್ಲ, ಒಂದಷ್ಟನ್ನು ಬಿಸಿಯಾಗಿ ಕಳೆದುಕೊಳ್ಳುತ್ತದೆ. ಕಾರಿನ ವೇಗವನ್ನು ತಗ್ಗಿಸುವುದರಲ್ಲಿ ಈ ನಷ್ಟದ ಪಾಲು ದೊಡ್ಡದು. ಹಾಗೆಂದು ರಬ್ಬರನ್ನು ಸದಾ ಶಕ್ತಿ ಕಳೆದುಕೊಳ್ಳುವಂತೆ ಮಾಡಿದರೆ, ನೇರ ರಸ್ತೆಯಲ್ಲಿ ಸುಮ್ಮನೆ ಉರುಳುವಾಗಲೂ ಅದು ಬಿಸಿಯಾಗಿ ಇಂಧನ ತಿನ್ನುತ್ತದೆ.

ಬಹುಕಾಲ ಟೈರ್ ತಯಾರಕರು ಈ ಎರಡರ ನಡುವೆ ಒಂದನ್ನು ಬಿಟ್ಟುಕೊಡಬೇಕಾಗಿತ್ತು. ಬಿಡಿಸಿಕೊಳ್ಳುವ ದಾರಿ ಇದ್ದದ್ದು ಕಂಪನದ ವೇಗದಲ್ಲಿ. ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿ ಸಾಧಾರಣ ಕಾರಿನ ಚಕ್ರ ಸೆಕೆಂಡಿಗೆ ಸುಮಾರು 10 ಸುತ್ತು ತಿರುಗುವುದರಿಂದ ಉರುಳುವಿಕೆಯ ಬಳುಕು ಸೆಕೆಂಡಿಗೆ ಹತ್ತರ ಆಸುಪಾಸಿನದು. ಜಾರುವಾಗ ರಸ್ತೆಯ ಒರಟು ಉಂಟುಮಾಡುವ ಕಂಪನವಾದರೋ ಸೆಕೆಂಡಿಗೆ ಸಾವಿರಗಳಿಂದ ಲಕ್ಷಗಳವರೆಗೆ ಹೋಗುತ್ತದೆ. ಮೊದಲನೆಯದರಲ್ಲಿ ಕಡಿಮೆ, ಎರಡನೆಯದರಲ್ಲಿ ಹೆಚ್ಚು ಶಕ್ತಿ ಕಳೆದುಕೊಳ್ಳುವ ಮಿಶ್ರಣ ಸಿಕ್ಕರೆ ಎರಡೂ ಕೈಗೂಡುತ್ತವೆ. 1990ರ ದಶಕದ ಆರಂಭದಲ್ಲಿ ಫ್ರಾನ್ಸಿನ ಮಿಶೆಲಿನ್ ಕಂಪನಿ ರಬ್ಬರನ್ನು ಗಟ್ಟಿಗೊಳಿಸಲು ಬೆರೆಸುವ ಮಸಿಯಂಥ ಪುಡಿಯಾದ ಇಂಗಾಲದ ಕಪ್ಪಿನ (ಕಾರ್ಬನ್ ಬ್ಲ್ಯಾಕ್) ಬಹುಪಾಲಿಗೆ ಬದಲಾಗಿ ಸಿಲಿಕಾ ಪುಡಿಯನ್ನು, ಅದನ್ನು ರಬ್ಬರಿಗೆ ಬೆಸೆಯುವ ಸಿಲೇನ್ ರಾಸಾಯನಿಕದೊಂದಿಗೆ ಸೇರಿಸಿ ಇಂಥ ಟೈರನ್ನು ಮಾರುಕಟ್ಟೆಗೆ ತಂದಿತು. ಇಂದು ಒದ್ದೆ ರಸ್ತೆಯಲ್ಲಿ ಒಳ್ಳೆಯ ಹಿಡಿತವಿರುವ ಕಾರ್ ಟೈರ್‌ಗಳಲ್ಲಿ ಹೆಚ್ಚಿನವು ಈ ದಾರಿಯಲ್ಲಿಯೇ ಬಂದವು. ಟೈರ್ ವಿಜ್ಞಾನದಲ್ಲಿ ಇಷ್ಟು ಜೀವ ಉಳಿಸಿದ ಹೆಜ್ಜೆಗಳು ಹೆಚ್ಚಿಲ್ಲ ಎಂದು ನಾನು ತಿಳಿದಿದ್ದೇನೆ.

ಆದ್ದರಿಂದ ‘ಪರ್ಫಾರ್ಮೆನ್ಸ್ ಟೈರ್’ ಬೇಕೆನ್ನುವವರು ಹಣ ಹಾಕಬೇಕಾದದ್ದು ಅದೇ ಅಳತೆಯ, ಉತ್ತಮ ಮಿಶ್ರಣದ ಟೈರ್ ಮೇಲೆ. ಅದಕ್ಕೆ ಬೆಲೆಯೂ ಹೆಚ್ಚು, ಸವೆತವೂ ಬೇಗ. ಅಮೆರಿಕದ ಪದ್ಧತಿಯಂತೆ ಅನೇಕ ಟೈರ್‌ಗಳ ಪಕ್ಕದಲ್ಲಿ ಅಚ್ಚಾಗಿರುವ ‘ಟ್ರೆಡ್‌ವೇರ್’ ಸಂಖ್ಯೆ 200ರ ಆಸುಪಾಸಿನಲ್ಲಿದ್ದರೆ ರಬ್ಬರ್ ಬೇಗ ಸವೆಯುವಂಥದ್ದು, 400 ದಾಟಿದ್ದರೆ ಹೆಚ್ಚು ಬಾಳುವಂಥದ್ದು ಎಂದು ಸ್ಥೂಲವಾಗಿ ಹೇಳಬಹುದು. ಈ ಅಂಕಿಯನ್ನು ತಯಾರಕರೇ ನಿಗದಿಪಡಿಸುವುದರಿಂದ ಎರಡು ಕಂಪನಿಗಳ ನಡುವಿನ ಹೋಲಿಕೆಗೆ ಅದನ್ನು ಅತಿಯಾಗಿ ನೆಚ್ಚಬಾರದು.

ಮಳೆಯ ಲೆಕ್ಕ ಬೇರೆ. 1960ರ ದಶಕದಲ್ಲಿ ನಾಸಾದ ಲ್ಯಾಂಗ್ಲಿ ಸಂಶೋಧನಾ ಕೇಂದ್ರದಲ್ಲಿ ವಾಲ್ಟರ್ ಹಾರ್ನ್ ಮತ್ತು ಸಂಗಡಿಗರು, ನೀರು ನಿಂತ ರನ್‌ವೇಯಲ್ಲಿ ವಿಮಾನದ ಟೈರ್ ನೀರಿನ ಮೇಲೆ ತೇಲತೊಡಗುವ ವೇಗವು ಗಾಳಿಯ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ ಎಂದು ಕಂಡುಕೊಂಡರು. ಅವರ ಸೂತ್ರದಂತೆ 33 ಪಿಎಸ್‌ಐ ಇರುವ ಟೈರ್ ಗಂಟೆಗೆ ಸುಮಾರು 96 ಕಿಲೋಮೀಟರಿನಲ್ಲಿ ತೇಲಿದರೆ, ಗಾಳಿ ಇಳಿದು 25 ಪಿಎಸ್‌ಐ ಆದಾಗ 83ರಲ್ಲೇ ತೇಲುತ್ತದೆ. ಕಾರಿನ ಟೈರ್‌ನ ಗೀರುಗಳು ಆಳವಾಗಿದ್ದರೆ ನೀರನ್ನು ಹೊರಹಾಕಿ ಈ ಮಿತಿಯನ್ನು ಮೇಲಕ್ಕೆ ತಳ್ಳುತ್ತವೆ. ಟೈರ್ ಅಗಲವಾದಷ್ಟೂ ಹೊರಹಾಕಬೇಕಾದ ನೀರು ಹೆಚ್ಚುತ್ತದೆ. ಮುಂಗಾರಿನಲ್ಲಿ ಶಿರಾಡಿ ಘಾಟಿಯನ್ನೋ ಕರಾವಳಿಯ ಹೆದ್ದಾರಿಯನ್ನೋ ಹಿಡಿಯುವವರು ಅಗಲಕ್ಕಿಂತ ಮೊದಲು ಗೀರಿನ ಆಳ ಮತ್ತು ಗಾಳಿಯ ಒತ್ತಡವನ್ನು ನೋಡಿಕೊಳ್ಳಬೇಕು.

ಇನ್ನು ಅಳತೆ. ಟೈರ್ ಪಕ್ಕದಲ್ಲಿ 185/65 ಆರ್15 88ಎಚ್ ಎಂದಿದ್ದರೆ ಅದರ ಅಗಲ 185 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 65, ರಿಮ್ಮಿನ ವ್ಯಾಸ 15 ಇಂಚು. 88 ಎಂಬುದು ಒಂದು ಟೈರ್ 560 ಕಿಲೋ ಹೊರಬಲ್ಲದು ಎಂಬುದರ ಸಂಕೇತ, ಎಚ್ ಅಂದರೆ ವೇಗದ ಮಿತಿ ಗಂಟೆಗೆ 210 ಕಿಲೋಮೀಟರ್. ಲೆಕ್ಕ ಹಾಕಿದರೆ ಇದರ ಒಟ್ಟು ವ್ಯಾಸ 621.5 ಮಿಲಿಮೀಟರ್. ಮಾರುತಿ ಸುಜುಕಿಯ ಬಲೆನೊ ಕಾರಿನ ಕೆಳಗಿನ ಮಾದರಿಗಳಿಗೆ ಬಂದದ್ದು ಇದೇ ಅಳತೆ. ಮೇಲಿನ ಮಾದರಿಗಳಿಗೆ 195/55 ಆರ್16, ಅದರ ವ್ಯಾಸ 620.9. ಅಗಲ, ಗೋಡೆ, ರಿಮ್ ಮೂರೂ ಬದಲಾದರೂ ವ್ಯಾಸದಲ್ಲಿ ಒಂದು ಮಿಲಿಮೀಟರ್ ವ್ಯತ್ಯಾಸವೂ ಬಾರದಂತೆ ಎಂಜಿನಿಯರುಗಳು ಜಾಗ್ರತೆ ವಹಿಸಿದ್ದಾರೆ.

ಅದೇ ಕಾರಿಗೆ ಯಾರಾದರೂ ಅಂದಕ್ಕೆಂದು 205/45 ಆರ್16 ಹಾಕಿಸಿದರೆ ವ್ಯಾಸ 590.9ಕ್ಕೆ ಇಳಿದು, ಕಾರು ನಿಜವಾಗಿ ಓಡಿದ್ದಕ್ಕಿಂತ ಸುಮಾರು ಶೇ 5ರಷ್ಟು ಹೆಚ್ಚನ್ನು ಮೀಟರ್ ತೋರಿಸುತ್ತದೆ. ಈ ಅಳತೆಯ ಸಾಮಾನ್ಯ ಟೈರ್‌ನ ಭಾರಸಂಕೇತ 83, ಅಂದರೆ 487 ಕಿಲೋ. ಪ್ರತಿ ಚಕ್ರದಲ್ಲೂ 73 ಕಿಲೋ ಸಾಮರ್ಥ್ಯ ಹೋಯಿತು. ಗೋಡೆ ಗಿಡ್ಡವಾದ್ದರಿಂದ ರಸ್ತೆಗುಂಡಿಯ ಪೆಟ್ಟು ನೇರವಾಗಿ ರಿಮ್ಮಿಗೆ ತಾಗುತ್ತದೆ. ವ್ಯಾಸ ಹೆಚ್ಚಿಸಿದರೆ ತೊಂದರೆ ಇನ್ನೂ ಗಂಭೀರ: 205/65 ಆರ್15ರ ವ್ಯಾಸ ಶೇ 4ಕ್ಕಿಂತ ಹೆಚ್ಚು ದೊಡ್ಡದು, ಆಗ ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವ ಸಂಭವವಿದೆ. ಸ್ಪೀಡೋಮೀಟರ್ ಯಾವತ್ತೂ ನಿಜವೇಗಕ್ಕಿಂತ ಕಡಿಮೆ ತೋರಿಸಬಾರದೆಂಬುದು ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ತಿರುಳು.

ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಬಿಗಿಯಾಗಿ ಓದಿತು. ಆದ್ದರಿಂದ ಚಾಲಕನ ಬಾಗಿಲಿನ ಬಳಿಯ ಪಟ್ಟಿಯಲ್ಲಿ ಅಥವಾ ಕಾರಿನ ಕೈಪಿಡಿಯಲ್ಲಿ ಅದೇ ಕಾರಿಗೆ ಹೇಳಿರುವ ಅಳತೆಗಳೊಳಗೆ ಇರುವುದೇ ನಿಶ್ಚಿಂತೆಯ ದಾರಿ. ಕೆಳಗಿನ ಮಾದರಿಯ ಒಡೆಯರು ಮೇಲಿನ ಮಾದರಿಯ ಅಳತೆಗೆ ಹೋಗುವುದಾದರೆ ಅದರದೇ ರಿಮ್ಮುಗಳೊಂದಿಗೆ ಹೋಗುವುದು ಲೇಸು. ರಿಮ್ಮಿನ ಅಗಲ ಹೊಂದದಿದ್ದರೆ, ಅಥವಾ ಚಕ್ರ ಮಡ್‌ಗಾರ್ಡಿನಿಂದ ಹೊರಚಾಚಿದರೆ, ಟೈರ್ ಎಷ್ಟು ಒಳ್ಳೆಯದಾದರೂ ಪ್ರಯೋಜನವಿಲ್ಲ.

ಕೊಳ್ಳುವಾಗ ಐಎಸ್‌ಐ ಗುರುತನ್ನೂ, ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಯ ತಯಾರಿಕೆಯ ದಿನಾಂಕವನ್ನೂ ನೋಡಬೇಕು. 2324 ಎಂದರೆ 2024ರ 23ನೇ ವಾರ. ಗೀರಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದ ಟೈರನ್ನು ಕಾರಿನಲ್ಲಿ ಬಳಸುವುದು ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ವಿರುದ್ಧ. ಆದರೆ ಮಳೆನಾಡಿನವರು ಅಲ್ಲಿಯವರೆಗೆ ಕಾಯದೆ 3 ಮಿಲಿಮೀಟರಿನಲ್ಲೇ ಬದಲಾಯಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಎರಡೇ ಹೊಸ ಟೈರ್ ಕೊಳ್ಳುವುದಾದರೆ, ಮುಂದಿನ ಚಕ್ರಗಳಿಂದ ಓಡುವ ಕಾರಾದರೂ ಅವನ್ನು ಹಿಂದಕ್ಕೆ ಹಾಕಿಸಬೇಕು: ಮುಂದಿನವು ಜಾರಿದರೆ ವೇಗ ತಗ್ಗಿಸಿ ಸರಿಪಡಿಸಿಕೊಳ್ಳಬಹುದು, ಹಿಂದಿನವು ಮೊದಲು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ, ಅದನ್ನು ಹತೋಟಿಗೆ ತರುವುದು ಅನುಭವಿಗಳಿಗೂ ಕಷ್ಟ.