ಮಳೆಗಾಲದಲ್ಲಿ ಹಿಡಿಯುವ ಕದ

ಚಿಕ್ಕಬಳ್ಳಾಪುರದ ನಮ್ಮ ಮನೆಯ ಮುಂಬಾಗಿಲು ಪ್ರತಿ ವರ್ಷವೂ ಗಣೇಶನ ಹಬ್ಬದ ಹೊತ್ತಿಗೆ ಬಿಗಿಯತೊಡಗುತ್ತದೆ, ದೀಪಾವಳಿಯ ಸುಮಾರಿಗೆ ಭುಜ ಕೊಟ್ಟು ನೂಕಬೇಕಾಗುತ್ತದೆ, ಶಿವರಾತ್ರಿ ಕಳೆಯುವಷ್ಟರಲ್ಲಿ ಒಂದೇ ಬೆರಳಿಗೆ ತೆರೆದುಕೊಳ್ಳುತ್ತದೆ. ಮನೆ ಕಟ್ಟಿಸಿದ ಮೊದಲ ವರ್ಷ ಅಕ್ಟೋಬರ್‌ನಲ್ಲಿ ಬಡಗಿಯೊಬ್ಬರನ್ನು ಕರೆಸಿ, ಹಿಡಿಯುತ್ತಿದ್ದ ಅಂಚಿಗೆ ಉಜ್ಜುಗೊರಡು ಹಾಕಿಸಿದೆವು. ಯುಗಾದಿಯ ವೇಳೆಗೆ ಕದಕ್ಕೂ ಚೌಕಟ್ಟಿಗೂ ನಡುವೆ ಬೀದಿಯ ಬೆಳಕು ಗೆರೆಯಾಗಿ ಕಾಣುವಷ್ಟು ಸಂದು ಬಿದ್ದು, ಕೆಂಪು ಧೂಳು ನಡುಮನೆಯವರೆಗೂ ಬರತೊಡಗಿತು. ಮಳೆಗಾಲದ ಅಳತೆಗೆ ಕೀಸಿದ ಕದ ಬೇಸಿಗೆಗೆ ಚಿಕ್ಕದಾಗಿತ್ತು.

ಕಡಿದು ಎಷ್ಟೇ ವರ್ಷವಾದರೂ ಮರ ಗಾಳಿಯಲ್ಲಿರುವ ತೇವದೊಡನೆ ಕೊಡುಕೊಳ್ಳುವುದನ್ನು ನಿಲ್ಲಿಸುವುದಿಲ್ಲ. ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ: ಕೋಶಗಳ ಟೊಳ್ಳಿನಲ್ಲಿ ಮತ್ತು ಕೋಶಗಳ ಗೋಡೆಯಲ್ಲಿ. ಟೊಳ್ಳಿನ ನೀರು ಆರಿಹೋದರೆ ಮರ ಹಗುರವಾಗುತ್ತದೆಯೇ ಹೊರತು ಅಳತೆಯಲ್ಲಿ ಬದಲಾಗುವುದಿಲ್ಲ. ಮರದ ಒಣತೂಕದ ಸುಮಾರು ಶೇ. 28ರಿಂದ 30ಕ್ಕೆ ತೇವ ಇಳಿದ ಮೇಲೆ ಗೋಡೆಗಳೊಳಗಿನ ನೀರು ಹೊರಡುತ್ತದೆ, ಆಗ ಸೆಲ್ಯುಲೋಸ್ ಎಳೆಗಳು ಒಂದಕ್ಕೊಂದು ಹತ್ತಿರ ಸರಿಯುತ್ತವೆ, ಮರ ಕುಗ್ಗುತ್ತದೆ. ತೇವ ಮರಳಿದರೆ ಎಳೆಗಳು ಮತ್ತೆ ದೂರ ಸರಿಯುತ್ತವೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 40ರಷ್ಟಿದ್ದರೆ ಮರದ ತೇವ ಶೇ. 7–8ರಲ್ಲಿಯೂ, ಶೇ. 80ರಷ್ಟಿದ್ದರೆ ಶೇ. 16ರ ಆಸುಪಾಸಿನಲ್ಲಿಯೂ ನೆಲೆ ನಿಲ್ಲುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಬಯಲುಸೀಮೆಯಲ್ಲಿ ಮಳೆ ಕಡಿಮೆಯಾದರೂ ಅದರ ಹೆಚ್ಚಿನ ಪಾಲು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಸುರಿಯುತ್ತದೆ, ಮಾರ್ಚ್‌ನ ಗಾಳಿಯಾದರೋ ತುಟಿ ಒಡೆಯುವಷ್ಟು ಒಣಗಿರುತ್ತದೆ. ಮಲೆನಾಡಿನ ಮನೆಗಿಂತ ನಮ್ಮ ಮನೆಗಳ ಕದಗಳಿಗೆ ಸುಖ ಹೆಚ್ಚೆಂದು ತಿಳಿಯುವುದು ಸರಿಯಲ್ಲ.

ಈ ಹಿಗ್ಗುವಿಕೆ ಎಲ್ಲ ದಿಕ್ಕಿಗೂ ಒಂದೇ ಸಮ ಇರುವುದಿಲ್ಲ. ನಾರಿನ ಉದ್ದಕ್ಕೆ ಮರ ಬದಲಾಗುವುದು ಲೆಕ್ಕಕ್ಕಿಲ್ಲದಷ್ಟು ಕಡಿಮೆ, ನಾರಿಗೆ ಅಡ್ಡಲಾಗಿ ಬಹಳ ಹೆಚ್ಚು. ಅಡ್ಡಲಾಗಿಯೂ ಬೆಳವಣಿಗೆಯ ಬಳೆಗಳ ಗುಂಟ ಆಗುವ ಬದಲಾವಣೆ ಬಳೆಗಳನ್ನು ಹಾಯ್ದು ಆಗುವುದರ ಸುಮಾರು ಎರಡರಷ್ಟಿರುತ್ತದೆ, ಹಲಗೆ ಸೊಟ್ಟಗಾಗುವುದಕ್ಕೆ ಮುಖ್ಯ ಕಾರಣವೇ ಇದು. ತೇಗವನ್ನೇ ತೆಗೆದುಕೊಳ್ಳೋಣ. ತೇವ ಶೇ. 1ರಷ್ಟು ಏರಿದರೆ ಬಳೆಗಳ ಗುಂಟ ಅದು ಶೇ. 0.19ರಷ್ಟು ಹಿಗ್ಗುತ್ತದೆ. ನಿಲುವಾಗಿ ಹಲಗೆಗಳನ್ನು ಜೋಡಿಸಿ ಮಾಡಿದ 900 ಮಿ.ಮೀ. ಅಗಲದ ಕದದಲ್ಲಿ ಬೇಸಿಗೆಗೂ ಮಳೆಗಾಲಕ್ಕೂ ತೇವ ಶೇ. 5ರಷ್ಟು ವ್ಯತ್ಯಾಸವಾದರೆ ಅಗಲ 8 ಮಿ.ಮೀ.ಗಿಂತ ಹೆಚ್ಚು ಬದಲಾಗುತ್ತದೆ. ಯಾವ ಚೌಕಟ್ಟೂ ಇದನ್ನು ತಾಳಲಾರದು.

ಹಿಂದಿನ ಬಡಗಿಗಳು ಕಂಡುಕೊಂಡ ಪರಿಹಾರವನ್ನು ನೆನೆದಾಗಲೆಲ್ಲ ನನಗೆ ಗೌರವ ಮೂಡುತ್ತದೆ. ಪ್ಯಾನಲ್ ಕದದಲ್ಲಿ ಎರಡು ನಿಲುವುಪಟ್ಟಿಗಳ ನಡುವೆ ಅಡ್ಡಪಟ್ಟಿಗಳಿರುತ್ತವೆ, ಅಡ್ಡಪಟ್ಟಿಯ ನಾರು ಕದದ ಅಗಲಕ್ಕೇ ಹರಿಯುವುದರಿಂದ ಆ ಭಾಗ ಹಿಗ್ಗುವುದೇ ಇಲ್ಲ ಎನ್ನಬಹುದು. ಉಳಿಯುವುದು 100 ಮಿ.ಮೀ.ನ ಎರಡು ನಿಲುವುಪಟ್ಟಿಗಳು ಮಾತ್ರ, ಅವೆರಡೂ ಸೇರಿ ಹಿಗ್ಗುವುದು 2 ಮಿ.ಮೀ.ಗೂ ಕಡಿಮೆ. ನಡುವಣ ಅಗಲದ ಹಲಗೆಯನ್ನು ಅಂಟು ಹಾಕದೆ, ಮೊಳೆ ಹೊಡೆಯದೆ ಸುತ್ತಣ ಪಟ್ಟಿಗಳ ಕೊರೆತದೊಳಗೆ ಸುಮ್ಮನೆ ಕೂರಿಸುತ್ತಾರೆ, ಅದು ತನ್ನ ಜಾಗದಲ್ಲೇ ಹಿಗ್ಗುತ್ತದೆ, ಕುಗ್ಗುತ್ತದೆ. ಹಲಗೆ ಅಲುಗಾಡುತ್ತದೆಂದು ಅದಕ್ಕೆ ಅಂಟು ಹಾಕಿಸಿದರೆ ಒಂದೆರಡು ಬೇಸಿಗೆಯೊಳಗೆ ಅದು ನಡುವೆ ಸೀಳುತ್ತದೆ.

ಆದ್ದರಿಂದ ಕದ ಕೊಳ್ಳುವಾಗ ಮರದ ಹೆಸರಿನಷ್ಟೇ ಅದು ಎಷ್ಟು ಆರಿದೆ ಎಂಬುದನ್ನೂ ಕೇಳಬೇಕು. ಸರಿಯಾಗಿ ಆರಿದ ಹಲಸು ಅಥವಾ ಬೇವು, ಹಸಿ ತೇಗಕ್ಕಿಂತ ಮೇಲು. ನಮ್ಮ ಕಡೆ ಧಾರಾಳವಾಗಿ ಸಿಗುವ ನೀಲಗಿರಿ ಆರುವಾಗ ವಿಪರೀತ ಕುಗ್ಗಿ ತಿರುಚಿಕೊಳ್ಳುತ್ತದೆ, ಇಡಿ ಹಲಗೆಯ ಕದಕ್ಕೆ ಅದು ತಕ್ಕದ್ದಲ್ಲ. ಮರದ ಚೇಗನ್ನು, ಅಂದರೆ ನಡುವಿನ ಗಟ್ಟಿ ತಿರುಳನ್ನು, ನೋಡುವುದು ಮುಖ್ಯ: ತೇಗದ ಚೇಗಿನಲ್ಲಿರುವ ಟೆಕ್ಟೊಕ್ವಿನೋನ್ ಎಂಬ ವಸ್ತು ಗೆದ್ದಲಿಗೆ ಆಗದು, ಆದರೆ ಅದೇ ತೇಗದ ಹೊರಗಿನ ಬಿಳಿ ಭಾಗವನ್ನು ಗೆದ್ದಲು ಬಿಡುವುದಿಲ್ಲ. ಚೌಕಟ್ಟಿನಲ್ಲಿ ಬಿಳಿ ಅಂಚು ಕಂಡರೆ ಅದನ್ನು ಬೇಡವೆನ್ನಲು ಸಂಕೋಚ ಬೇಡ. ಬಚ್ಚಲಿಗೆ ಫ್ಲಶ್ ಕದ (ಎರಡೂ ಮೈಗೆ ಪ್ಲೈವುಡ್ ಹಾಳೆ ಅಂಟಿಸಿದ ಚಪ್ಪಟೆ ಕದ) ಹಾಕುವವರು ಅಂಟು ಯಾವುದೆಂದು ವಿಚಾರಿಸಬೇಕು, ಯೂರಿಯಾ ಫಾರ್ಮಾಲ್ಡಿಹೈಡ್ ತೇವಕ್ಕೆ ಕ್ರಮೇಣ ಬಿಟ್ಟುಕೊಳ್ಳುತ್ತದೆ, ಫೀನಾಲ್ ಫಾರ್ಮಾಲ್ಡಿಹೈಡ್ ತಡೆಯುತ್ತದೆ.

ಕೂರಿಸುವಾಗಿನ ದೊಡ್ಡ ಶತ್ರು ಚೌಕಟ್ಟಿನ ಬುಡದಲ್ಲಿದೆ. ನಾವು ಬೆಳಗ್ಗೆ ಹೊಸ್ತಿಲು ತೊಳೆದು ಅರಿಶಿನ ಹಚ್ಚಿ ರಂಗೋಲಿ ಇಡುತ್ತೇವೆ. ಆ ನೀರು ಚೌಕಟ್ಟಿನ ಕಾಲುಗಳ ಕೊಯ್ದ ತುದಿಗೆ ದಿನವೂ ತಾಕುತ್ತದೆ. ಮರ ಬದುಕಿದ್ದಾಗ ಬೇರಿನಿಂದ ಎಲೆಗೆ ನೀರು ಏರಿದ ಕೊಳವೆಗಳೇ ಅಲ್ಲಿ ಬಾಯ್ತೆರೆದಿರುವುದರಿಂದ, ಪಕ್ಕದ ಮೈಗಿಂತ ಎಷ್ಟೋ ಪಟ್ಟು ಬೇಗ ತುದಿ ನೀರು ಕುಡಿಯುತ್ತದೆ. ಕೋಲಾರದ ಕಡೆಯ ಹಳೆಯ ಮನೆಗಳಲ್ಲಿ ಕಲ್ಲಿನ ಹೊಸ್ತಿಲು, ಕೆಲವೆಡೆ ಇಡೀ ಬಾಗಿಲವಾಡವೇ ಕಲ್ಲಿನದು ಇರುವುದನ್ನು ನೋಡಿದ್ದೇನೆ. ಊರ ಸುತ್ತ ಗ್ರಾನೈಟ್ ಬಂಡೆಗಳಿರುವಾಗ ಇದಕ್ಕಿಂತ ವಿವೇಕದ ಆಯ್ಕೆ ಇಲ್ಲ. ಮರದ ಹೊಸ್ತಿಲೇ ಬೇಕೆನ್ನುವವರು ಕಾಲುಗಳ ತುದಿಗೆ, ಗೋಡೆಗೆ ತಾಗುವ ಮೈಗೆ, ಕೂರಿಸುವ ಮೊದಲೇ ಎರಡು ಮೂರು ಸಲ ಪ್ರೈಮರ್ ಕುಡಿಸಬೇಕು. ಆಮೇಲೆ ಅಲ್ಲಿಗೆ ಕುಂಚ ಹೋಗುವುದಿಲ್ಲ.

ಕದ ಹಿಡಿಯುವುದೆಲ್ಲ ಹಿಗ್ಗಿದ್ದರಿಂದಲೇ ಅಲ್ಲ. 36 ಕೆ.ಜಿ.ಯ, 900 ಮಿ.ಮೀ. ಅಗಲದ ಕದದ ಭಾರ ಹಿಂಜುಗಳಿಂದ 450 ಮಿ.ಮೀ. ದೂರದಲ್ಲಿ ಕೇಂದ್ರೀಕರಿಸಿರುತ್ತದೆ, ಮೇಲಿನ, ಕೆಳಗಿನ ಹಿಂಜುಗಳ ನಡುವೆ 1.6 ಮೀಟರ್ ಅಂತರವಿದ್ದರೆ ಮೇಲಿನದನ್ನು ಸುಮಾರು 10 ಕೆ.ಜಿ. ಭಾರದಷ್ಟು ಬಲ ಹಗಲಿರುಳು ಹೊರಕ್ಕೆ ಎಳೆಯುತ್ತಿರುತ್ತದೆ, ಕೆಳಗಿನದನ್ನು ಅಷ್ಟೇ ಬಲ ಒಳಕ್ಕೆ ಒತ್ತುತ್ತಿರುತ್ತದೆ. ಮೇಲಿನ ಹಿಂಜಿನ ಸ್ಕ್ರೂ ಸಡಿಲವಾದರೆ ಚಿಲಕದ ಬದಿಯ ಕೆಳಮೂಲೆ ನೆಲಕ್ಕೆ ಇಳಿಯುತ್ತದೆ. ಎತ್ತರದಲ್ಲಿ ಮರ ಹಿಗ್ಗುವುದಿಲ್ಲವಾದ್ದರಿಂದ, ನೆಲದ ಮೇಲೆ ಕಮಾನಿನಂತೆ ಗೀರು ಬಿದ್ದಿದ್ದರೆ ಗೊರಡು ಹಿಡಿಯದೆ ಮೊದಲು ಸ್ಕ್ರೂ ಬಿಗಿಸಿ ನೋಡಬೇಕು.

ಎರಡನೆಯ ವರ್ಷ ನಮ್ಮಲ್ಲಿಗೆ ಬಂದವರು ಬೇರೊಬ್ಬ ಹಿರಿಯ ಆಚಾರಿ. ಅವರು ಮೊದಲು ಕದವನ್ನು ತೆರೆದು, ಕುಕ್ಕರಗಾಲಲ್ಲಿ ಕೂತು, ಅದರ ಅಡಿಯಂಚಿಗೆ ಬೆರಳು ತೂರಿಸಿ ಎಳೆದರು. ಬೆರಳ ತುದಿಗೆ ಮರದ ಪುಡಿ ಹತ್ತಿತ್ತು. "ಕಾಣೋ ಕಡೆ ಮೂರು ಕೋಟು ಹೊಡೆಸಿದೀರಿ ಸ್ವಾಮಿ, ಅಡಿಗೆ ಬಣ್ಣವೇ ತಾಕಿಲ್ಲ. ಈಗ ಕೀಸೋದು ಬೇಡ, ಸಂಕ್ರಾಂತಿ ಕಳೀಲಿ" ಎಂದರು. ನಿಲುವುಪಟ್ಟಿಗಳ ಕೊಯ್ದ ತುದಿಗಳು ಅಲ್ಲೇ ಇದ್ದವು, ಮೇಲಿನ ಅಂಚಿನಲ್ಲೂ ಹಾಗೆಯೇ. ಫೆಬ್ರವರಿಯಲ್ಲಿ ಕದ ಇಳಿಸಿ, ಆರೂ ಮುಖಗಳಿಗೆ ವಾರ್ನಿಷ್ ಹಚ್ಚಿ, ಮೊದಲ ವರ್ಷ ಬಿದ್ದಿದ್ದ ಸಂದಿಗೆ ತೇಗದ ತೆಳುಪಟ್ಟಿಯೊಂದನ್ನು ಅಂಟಿಸಿ, ಚಿಲಕದ ಬದಿಗೆ 3 ಮಿ.ಮೀ. ಅಂತರ ಉಳಿಸಿ ಮತ್ತೆ ಏರಿಸಿದರು. ವಾರ್ನಿಷ್ ತೇವವನ್ನು ಪೂರ್ತಿ ತಡೆಯುವುದಿಲ್ಲ, ಬರುವ ವೇಗವನ್ನು ತಗ್ಗಿಸುತ್ತದೆ. ನಾಲ್ಕು ದಿನದ ಜಡಿಮಳೆ ಮರದ ಒಳಗೆ ಇಳಿಯುವಷ್ಟರಲ್ಲಿ ಬಿಸಿಲು ಬಂದಿರುತ್ತದೆ. ದೀಪಾವಳಿಗೆ ಕದ ಈಗಲೂ ಸ್ವಲ್ಪ ಬಿಗಿಯುತ್ತದೆ, ಆದರೆ ಭುಜ ಕೊಡಬೇಕಾಗಿಲ್ಲ. ಎರಡು ವರ್ಷಕ್ಕೊಮ್ಮೆ ಸಂಕ್ರಾಂತಿಯ ನಂತರ ಅದರ ಅಡಿಗೆ ಕನ್ನಡಿಯೊಂದನ್ನು ಹಿಡಿದು ನೋಡುತ್ತೇನೆ, ವಾರ್ನಿಷ್ ಎದ್ದಿದ್ದರೆ ಇನ್ನೊಂದು ಕೋಟು ಹೊಡೆಸುತ್ತೇನೆ.